ಯಜಮಾನರ ಸಹಿ

ಬೀದಿಯವರೆಲ್ಲ ಅವಳನ್ನು ಫಾರಂ ಅಕ್ಕ ಎಂದೇ ಕರೆಯುತ್ತಿದ್ದರು. ಆರೋಗ್ಯ ಇಲಾಖೆಯ ಸಮೀಕ್ಷೆ ಬಂದಾಗಲೆಲ್ಲ ರಟ್ಟಿಗೆ ಫಾರಂ ಸಿಕ್ಕಿಸಿಕೊಂಡು ಮನೆ ಮನೆಯ ಮೆಟ್ಟಿಲು ಹತ್ತಿಳಿಯುವುದು ಅವಳ ಕೆಲಸ. ಈ ಸಲದ ಪ್ರಶ್ನೆಯನ್ನು ಮಾತ್ರ ಎರಡೆರಡು ಸಲ ಓದಿದ್ದಳು. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ತಡೆಯಲಾಗದೆ ಮೂತ್ರ ಹೋಗುತ್ತದೆಯೇ?

ಹೋಗುತ್ತದೆಯೇ ಅಂತೆ! ಎರಡನೇ ಹೆರಿಗೆಯಾದಂದಿನಿಂದ, ಹನ್ನೊಂದು ವರ್ಷ, ಅವಳದ್ದು ಅದೇ ಗೋಳು. ಮಧ್ಯಾಹ್ನದವರೆಗೂ ತೊಟ್ಟು ನೀರು ಕುಡಿಯಳು. ಹಳೇ ಬಟ್ಟೆ ಮಡಚಿಟ್ಟುಕೊಳ್ಳದೆ ಹೊಸ್ತಿಲು ದಾಟಳು. ದೊಡ್ಡಾಸ್ಪತ್ರೆಗೆ ಎರಡು ಗಂಟೆಯ ಬಸ್ಸು. ಅರ್ಧ ಗಂಟೆ ತಡೆಯಲಾರದವಳು ಅದನ್ನೇ ತೋರಿಸಲು ಎರಡು ಗಂಟೆ ಬಸ್ಸಿನಲ್ಲಿ ಕೂರುವುದಾದರೂ ಹೇಗೆ?

"ವಾರ್ಡಲ್ಲಿ ಐವತ್ತು 'ಹೌದು' ಬಂದ್ರೆ ಇಲ್ಲೇ ಕ್ಲಿನಿಕ್ ಮಾಡ್ತಾರೆ. ಡಾಕ್ಟರು, ವ್ಯಾಯಾಮ ಹೇಳ್ಕೊಡೋರು, ಎಲ್ಲ ವಾರಕ್ಕೊಂದ್ಸಲ ಬರ್ತಾರೆ" ಎಂದಿದ್ದಳು ಮೇಲ್ವಿಚಾರಕಿ. ಆ ಮಾತು ಕೇಳಿದಂದಿನಿಂದ ಇವಳಿಗೆ ಊಟ ರುಚಿಸಲಿಲ್ಲ. ಐವತ್ತು, ಬರೀ ಐವತ್ತು.

ಹದಿನೈದು ದಿನ, ಇನ್ನೂರ ಹತ್ತು ಮನೆ. ಒಂದೇ ಒಂದು ಹೌದು ಇಲ್ಲ! ಇಡೀ ವಾರ್ಡಿನ ಹೆಂಗಸರೆಲ್ಲ ಉಕ್ಕಿನವರೇ ಹಾಗಾದರೆ? ತನ್ನ ಮನೆಯ ಫಾರಂನಲ್ಲೂ ಇವಳು 'ಇಲ್ಲ' ಎಂದೇ ಬರೆದಿದ್ದಳು ಅನ್ನಿ. ಬೇರೆಯವರ ಐವತ್ತು ಸಿಕ್ಕೇ ಸಿಗುತ್ತದೆ, ತನ್ನದೊಂದು ಯಾಕೆ ಎಂದುಕೊಂಡಿದ್ದಳು.

ಗಡುವಿಗೆ ಮೂರು ದಿನ ಉಳಿದಾಗ ಇಸ್ತ್ರಿ ಅಂಗಡಿಯಾಕೆ ದಾರಿಯಲ್ಲಿ ಅಡ್ಡ ನಿಂತಳು.

"ಅಲ್ಲ ಕಣಕ್ಕ, ಬರೆದಿದ್ದನ್ನೆಲ್ಲ ನನ್ನ ಗಂಡನ ಮುಂದೆ ಗಟ್ಟಿಯಾಗಿ ಓದಿ ಹೇಳಿ, ಅವರ ಹತ್ರಾನೇ ಸಹಿ ಹಾಕಿಸ್ಕೊಳ್ತೀಯಲ್ಲ. ನಾನು ಹೌದು ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಅಂದ್ರೆ ನಿನಗೂ?"

"ಇಸ್ತ್ರಿ ಪೆಟ್ಟಿಗೆ ಎತ್ತೋ ಹಾಗಿಲ್ಲ, ಸೋರುತ್ತೆ" ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಥತ್, ನನ್ನ ಬುದ್ಧಿಗಿಷ್ಟು! ಎಂದು ಹಣೆ ಚಚ್ಚಿಕೊಂಡಳು ಫಾರಂ ಅಕ್ಕ. ಮನೆ ಯಜಮಾನರಿಗೆ ಓದಿ ಹೇಳಿ ಸಹಿ ಪಡೆಯಬೇಕು ಎಂಬುದು ಇಲಾಖೆಯ ನಿಯಮ. ಮಲೇರಿಯಾ ಲೆಕ್ಕಕ್ಕೂ ಅದೇ, ಇದಕ್ಕೂ ಅದೇ. ಅದನ್ನು ಮಾಡಿದ ಪುಣ್ಯಾತ್ಮ ಒಂದು ದಿನವಾದರೂ ಹೆಂಗಸಾಗಿ ಸೀನಿ ನೋಡಬೇಕಿತ್ತು.

ಈ ಸಲ ಸಹಿಯ ಜಾಗ ಖಾಲಿ ಬಿಟ್ಟರಾಯಿತು ಎಂದುಕೊಂಡು ಅವಳು ಹೊಸ ಫಾರಂ ಹಿಡಿದು ಮತ್ತೆ ಹೊರಟಳು. ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಮಹಡಿಯ ಮೇಲೆ, ಒಬ್ಬೊಬ್ಬರನ್ನೇ ಕೇಳಿದಳು. ಕೇಳುವ ಮೊದಲು "ನನಗೂ ಇದೆ" ಎಂದಳು. ಅಷ್ಟೇ ಸಾಕಾಯಿತು. ಶಾಲೆಯ ಟೀಚರು ಹೌದೆಂದರು, ಮೂರು ಮಕ್ಕಳ ತಾಯಿ ಹೌದೆಂದಳು, ಮದುವೆಯೇ ಆಗದ ದರ್ಜಿಯೂ ಹೌದೆಂದಳು. ಒಬ್ಬ ಅಜ್ಜಿಯಂತೂ "ನಗಿಸ್ಬೇಡ ಕಣೇ ತಾಯಿ, ಈಗ್ಲೇ ಆಗೋಗುತ್ತೆ" ಎಂದು ನಗುತ್ತಲೇ ಕಣ್ಣೊರೆಸಿಕೊಂಡಳು. ಎರಡು ದಿನದಲ್ಲಿ ಅರವತ್ತಮೂರು!

ಮೇಲ್ವಿಚಾರಕಿ ಎಲ್ಲವನ್ನೂ ತಿರುವಿ ನೋಡಿ ಹಿಂದಕ್ಕೆ ತಳ್ಳಿದಳು. "ಯಜಮಾನ್ರ ಸಹಿ ಎಲ್ಲಮ್ಮಾ? ಸಹಿ ಇಲ್ದಿದ್ರೆ ಕಂಪ್ಯೂಟರ್ ತಗೊಳ್ಳೋದೇ ಇಲ್ಲ. ನಾಳೆ ಸಂಜೆ ಐದಕ್ಕೆ ಮುಗೀತು."

"ಮೇಡಂ, ಕಾಲಿಗೆ ಬೀಳ್ತೀನಿ."

"ನನ್ನ ಕಾಲಿಗೆ ಬಿದ್ರೆ ಕಂಪ್ಯೂಟರ್ ಕೇಳುತ್ತಾ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇರೆಯವರನ್ನು ಸಹಿ ಕೇಳುವ ಮೊದಲು ತನ್ನ ಮನೆಯದ್ದು ಆಗಬೇಕಲ್ಲ? ಮನೆಗೆ ಬಂದವಳೇ ಊಟಕ್ಕೆ ಕೂತಿದ್ದ ಗಂಡನ ಮುಂದೆ ಫಾರಂ ಹಿಡಿದು, ನಿಯಮದ ಪ್ರಕಾರವೇ ಗಟ್ಟಿಯಾಗಿ ಓದಿದಳು. ಉತ್ತರ, ಹೌದು. ಎಷ್ಟು ಕಾಲದಿಂದ, ಹನ್ನೊಂದು ವರ್ಷ.

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಗೊತ್ತು" ಎಂದ.

"ಏನ್ ಗೊತ್ತು?"

"ಅದೇ. ನಾನೂ ಅದೇ ಹಾಸಿಗೇಲಿ ಮಲಗೋದಲ್ವಾ."

"ಗೊತ್ತಿದ್ದೂ ಹನ್ನೊಂದು ವರ್ಷ ಬಾಯಿ ಬಿಡ್ಲಿಲ್ವಾ ನೀವು?"

"ಏನಂತ ಕೇಳ್ಲಿ? ನೀನು ಮುಚ್ಚಿಡ್ತಿದ್ದೆ, ನಾನೂ ಸುಮ್ನಿದ್ದೆ" ಎಂದು ಎಡಗೈಯಲ್ಲೇ ಸಹಿ ಗೀಚಿದ. ಅವನು ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಆ ಹಾಳೆಯನ್ನೇ ಎಲ್ಲರಿಗೂ ತೋರಿಸುತ್ತಾ ಓಡಿದಳು. "ನೋಡಿ, ನಮ್ಮನೆಯವರು ಹಾಕಿದ್ದಾರೆ. ಏನೂ ಆಗ್ಲಿಲ್ಲ. ನೀವೂ ಕೇಳಿ, ದಮ್ಮಯ್ಯ." ಟೀಚರ ಅತ್ತೆ ಬಾಗಿಲಲ್ಲೇ ನಿಂತಿದ್ದರು, ಟೀಚರು ಇವಳನ್ನು ಗುರುತೇ ಇಲ್ಲದವರಂತೆ ನೋಡಿದರು. ದರ್ಜಿಯ ಅಣ್ಣ ತಂಗಿಯ ಫಾರಂ ಓದಿ, ಕೆಕ್ಕರಿಸಿ ನೋಡಿ, ಹರಿದೇ ಹಾಕಿದ. ಅಜ್ಜಿಯ ಮಗ "ವಯಸ್ಸಾದವ್ರಿಗೆ ಇದೆಲ್ಲ ಇದ್ದಿದ್ದೇ, ಹೋಗಮ್ಮ" ಎಂದ. ಇಸ್ತ್ರಿ ಅಂಗಡಿಯಾಕೆ ಫಾರಂ ಅನ್ನು ಮಡಚಿ ವಾಪಸು ಕೊಟ್ಟಳು. "ನನ್ನ ಕೈಲಾಗಲ್ಲ ಕಣಕ್ಕ" ಎಂದು ಪಿಸುಗುಟ್ಟಿದಳು. ಇವಳು ಬೈಯಲಿಲ್ಲ. ಬೈಯಲು ಉಸಿರೂ ಉಳಿದಿರಲಿಲ್ಲ, ಓಡಾಟಕ್ಕೆ ಮಡಚಿಟ್ಟುಕೊಂಡ ಬಟ್ಟೆಯೂ ಒದ್ದೆಯಾಗಿತ್ತು.

ಐದಕ್ಕೆ ಒಂದೇ ಒಂದು ಫಾರಂ ಒಪ್ಪಿಸಿದಳು.

ತಿಂಗಳಾದ ಮೇಲೆ ವಾರ್ಡ್ ಕಚೇರಿಯ ಗೋಡೆಗೆ ಪಟ್ಟಿ ಅಂಟಿಸಿದರು. ಕ್ಲಿನಿಕ್ಕು ಬೇರೆ ವಾರ್ಡಿಗೆ ಹೋಗಿತ್ತು. ಇವರ ವಾರ್ಡಿನ ಸಾಲಿನಲ್ಲಿ, ಈ ತೊಂದರೆ ಇರುವ ಮಹಿಳೆಯರ ಸಂಖ್ಯೆ: ಒಂದು. ಓದಿದ ಗಂಡಸರೆಲ್ಲ ತಿರುಗಿ ಫಾರಂ ಅಕ್ಕನನ್ನೇ ನೋಡಿದರು. ಹೆಂಗಸರು ಮಾತ್ರ ಯಾರೂ ಅವಳ ಕಡೆ ನೋಡಲಿಲ್ಲ.