ಫಿಲಿಪೀನ್ಸಿಗೆ ಹೋದವರು

ಕರುಣಾಕರ ಮತ್ತು ಸ್ವರ್ಣಲತಾ ದಂಪತಿಗೆ ಕನ್ನಡ ಕೂಟದವರು ಬೀಳ್ಕೊಡುಗೆ ಮಾಡಿದ್ದು ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ, ನ್ಯೂಜೆರ್ಸಿಯ ಸಮರ್‌ಸೆಟ್ಟಿನ ಒಂದು ಶಾಲೆಯ ಹಾಲಿನಲ್ಲಿ. ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು, ಬಿಸಿಬೇಳೆಭಾತ್ ತಣ್ಣಗಾಗುವವರೆಗೆ ಭಾಷಣ ಮಾಡಿದರು. ಇಷ್ಟೆಲ್ಲ ಮಾಡಿಸಿಕೊಂಡವನು ಮರ್ಯಾದೆಯಾಗಿ ಹೊರಟುಹೋಗಬೇಕೋ ಬೇಡವೋ? ಕರುಣಾಕರ ಹೋಗಲಿಲ್ಲ. ಹೋಗಲಾಗಲಿಲ್ಲ.

ಕುಂದಾಪುರದ ಕಡೆಯವನಾದ ಕರುಣಾಕರನಿಗೆ ಕ್ರ್ಯಾನ್‌ಬರಿಯ ಗೋದಾಮುಗಳ ಹಿಂದೆ ಒಂದು ಮೋಟೆಲ್ ಇತ್ತು. ಟ್ರಕ್ ಡ್ರೈವರುಗಳು ಬಂದು ಮಲಗಿ ಬೆಳಗಾಗುವ ಮುಂಚೆ ಎದ್ದು ಹೋಗುವ ಜಾಗ. ನಮ್ಮವರು ಯಾರೂ ಆ ಕಡೆ ಹಾಯುತ್ತಿರಲಿಲ್ಲ. ಅಲ್ಲಿ ರೂಮು ಗುಡಿಸುತ್ತಿದ್ದ ಫಿಲಿಪಿನೋ ಹೆಂಗಸರು ತಮ್ಮ ಊರನ್ನು ಹೊಗಳುವುದನ್ನು ಕೇಳಿ ಕೇಳಿ ಒಮ್ಮೆ ನೋಡಿಬರೋಣವೆಂದು ಹೋದವನು ದುಮಗೆಟೆ ಎಂಬ ಕಡಲತಡಿಯ ಊರಿಗೆ ಮನಸೋತು ಬಂದ. ಆಮೇಲೆ ಯಾರ ಮನೆಯ ಪಾಟ್‌ಲಕ್ಕಿಗೆ ಹೋದರೂ ಅದೇ ಪುರಾಣ. ಅದೇ ತೆಂಗು, ಅದೇ ಮೀನು, ಮೂರು ಹೊತ್ತೂ ಅನ್ನ. ಅಮೆರಿಕದಿಂದ, ಆಸ್ಟ್ರೇಲಿಯಾದಿಂದ ರಿಟೈರಾಗಿ ಬಂದವರದೇ ಒಂದು ಕಾಲೊನಿ ಇದೆಯಂತೆ. ಬೆಳಿಗ್ಗೆ ಎಲ್ಲರೂ ಸೇರಿ ವಾಕಿಂಗು, ಸಂಜೆ ಕಡಲಿಗೆ ಮುಖ ಮಾಡಿ ಇಸ್ಪೀಟು, ಯಾರಿಗಾದರೂ ಕಾಯಿಲೆಯಾದರೆ ಕಾಲೊನಿಯೇ ಆಸ್ಪತ್ರೆಗೆ ಬರುತ್ತದಂತೆ. ಇಲ್ಲಿ ಮನೆಗೆ ಕಟ್ಟುವ ಪ್ರಾಪರ್ಟಿ ಟ್ಯಾಕ್ಸಿನಲ್ಲಿ ಅಲ್ಲಿ ಅಡುಗೆಯವಳನ್ನೂ ಇಟ್ಟುಕೊಂಡು ರಾಜನ ಹಾಗೆ ಇರಬಹುದು ಎನ್ನುತ್ತಿದ್ದ. ಹಾಗಾದರೆ ಕುಂದಾಪುರಕ್ಕೇ ಹೋಗಬಹುದಲ್ಲ ಎಂದು ಯಾರೋ ಕೇಳಿದ್ದಕ್ಕೆ, ಊರಲ್ಲಿ ಸೋತರೆ ನೋಡುವವರು ಬಹಳ, ಅಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿಲ್ಲ ಎಂದಿದ್ದ.

ಸಮರ್‌ಸೆಟ್ಟಿನ ಮನೆ ಮಾರಿದ, ಆ ಕಾಲೊನಿಯಲ್ಲಿ ಮನೆಗೆ ಮುಂಗಡ ಕೊಟ್ಟ, ಮೋಟೆಲಿಗೆ ಗಿರಾಕಿ ಹಿಡಿದ, ಬೀಳ್ಕೊಡುಗೆಯನ್ನೂ ಮುಗಿಸಿಕೊಂಡ. ಅಷ್ಟರಲ್ಲಿ ಸೆಪ್ಟೆಂಬರ್ ಬಂತು. ಮ್ಯಾನ್‌ಹಟನ್ನಿನಲ್ಲಿ ಬ್ಯಾಂಕುಗಳು ಮುಳುಗಿ ದೊಡ್ಡ ದೊಡ್ಡವರೇ ಕೆಲಸ ಕಳೆದುಕೊಂಡು ಪೆಟ್ಟಿಗೆ ಹೊತ್ತು ಬೀದಿಗೆ ಬಂದ ಕಾಲ. ಗಿರಾಕಿಗೆ ಬ್ಯಾಂಕು ಸಾಲ ಕೊಡುವುದಿಲ್ಲವೆಂದಿತು, ದುಮಗೆಟೆಯಲ್ಲಿ ಮನೆ ಕಟ್ಟಿಕೊಡುತ್ತಿದ್ದವನು ಅರ್ಧ ಕಟ್ಟಿದ ಗೋಡೆಗಳನ್ನು ಹಾಗೇ ಬಿಟ್ಟು ಮಾಯವಾದ. ಗಂಡ ಹೆಂಡತಿಗೆ ಉಳಿದದ್ದು ಮಾರಾಟವಾಗದ ಮೋಟೆಲು ಮತ್ತು ಅದರ ಹಿಂದಿನ ಎರಡು ರೂಮು. ಹೋಗಲಿಲ್ಲವೆಂದು ಹೇಳಿಬಿಟ್ಟಿದ್ದರೆ ಜನ ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಿದ್ದರೋ ಏನೋ. ಪೇಟ ತೊಟ್ಟ ತಲೆಯನ್ನು ತಗ್ಗಿಸುವುದು ಹೇಗೆ ಎಂದುಕೊಂಡ ಕರುಣಾಕರ, ಹೋದೆವು ಎಂದೇ ಹೇಳಿದ. ಸಾಮಾನಿಗೂ ಪರಿಚಯದವರು ಸಿಗದ ದೂರದ ಅಂಗಡಿಗಳಿಗೇ ಹೋಗತೊಡಗಿದರು. ಪ್ರಪಂಚದ ಯಾವ ಮೂಲೆಗೆ ಒಯ್ದರೂ ನಂಬರು ಬದಲಾಗದ ಇಂಟರ್ನೆಟ್ ಫೋನಿತ್ತು. ಅದರಲ್ಲೇ ಸ್ವರ್ಣಲತಾ ಗೆಳತಿಯರಿಗೆ ದುಮಗೆಟೆಯ ಮಳೆ, ಬಿಸಿಲಿನ ಸಮಾಚಾರ ಹೇಳತೊಡಗಿದಳು.

ಆ ಗೆಳತಿಯರಲ್ಲಿ ಮೊದಲನೆಯವಳು ಭಾನುಮತಿ. ಇಬ್ಬರದೂ ಇಪ್ಪತ್ತೈದು ವರ್ಷದ ಸ್ನೇಹ. ಒಬ್ಬರ ಬಾಣಂತನಕ್ಕೆ ಇನ್ನೊಬ್ಬರು ಸಾರು ಮಾಡಿಕೊಟ್ಟವರು. ಬೀಳ್ಕೊಡುಗೆಯ ದಿನ ಭಾನುಮತಿ ಅತ್ತಿದ್ದಳು. ಅಳುವಿನಲ್ಲಿ ಸಂಕಟವೆಷ್ಟು, ಹೊಟ್ಟೆಕಿಚ್ಚೆಷ್ಟು ಎಂದು ಅವಳೂ ಬೇರೆ ಮಾಡಿ ನೋಡಲಿಲ್ಲ.

ಅವಳ ತಲೆಯ ಮೇಲೆ ಆಮೇಲೆ ತನ್ನದೇ ಹೊರೆ ಬಿತ್ತು. ಗಂಡ ಅಶ್ವತ್ಥನಾರಾಯಣ ಕ್ರ್ಯಾನ್‌ಬರಿಯ ಔಷಧಿ ಕಂಪನಿಯೊಂದರಲ್ಲಿದ್ದ. ಜನವರಿಯ ಒಂದು ಬೆಳಿಗ್ಗೆ ಕರೆದು, ಬ್ಯಾಡ್ಜ್ ಇಸಿದುಕೊಂಡು, ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಆಗಷ್ಟೇ ಮಗಳು ಹಂಸಿನಿಗೆ ಮ್ಯಾನ್‌ಹಟನ್ ದಾಟಿ ಕ್ವೀನ್ಸಿನ ಬೆಲ್‌ರೋಸಿನ ಋಷಿಯ ಸಂಬಂಧ ಕೂಡಿಬರುತ್ತಿತ್ತು. ಮೊದಲ ಭೇಟಿಯಲ್ಲೇ ಋಷಿಯ ತಾಯಿ ಕಾಫಿ ಲೋಟ ಕೆಳಗಿಡುತ್ತ, ನಿಮ್ಮ ಯಜಮಾನರ ಕಂಪನಿ ಪರವಾಗಿಲ್ಲ ತಾನೆ ಎಂದು ಕೇಳಿದ್ದಳು. ಅವರಿಲ್ಲದಿದ್ದರೆ ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂದು ಭಾನುಮತಿ ನಕ್ಕು ಉತ್ತರ ಕೊಟ್ಟಿದ್ದಳು. ಆಡಿದ ಮಾತನ್ನು ಈಗ ನಿಲ್ಲಿಸಿಕೊಳ್ಳಬೇಕಿತ್ತು. ಮದುವೆ ನಿಶ್ಚಯವಾಗುವವರೆಗೆ ಕೆಲಸ ಹೋದದ್ದು ಈ ಹೊಸ್ತಿಲು ದಾಟಕೂಡದು ಎಂದು ಗಂಡನಿಗೆ ಹೇಳಿಬಿಟ್ಟಳು. ಅವನು ಹೂಂ ಎಂದ. ಮೂವತ್ತು ವರ್ಷದಿಂದ ಹೂಂ ಎನ್ನುತ್ತಲೇ ಬಂದವನು.

ದಿನವೂ ಬೆಳಿಗ್ಗೆ ಟೈ ಕಟ್ಟಿಸಿ, ಊಟದ ಡಬ್ಬಿ ಕೈಗಿತ್ತು, ಕಾರಿನಲ್ಲಿ ಕೂರಿಸಿ ಕಳಿಸುವಳು. ಸಂಜೆ ಆರಕ್ಕೆ ಮುಂಚೆ ಕಾರು ಮನೆಯ ಮುಂದೆ ಕಾಣಕೂಡದು. ಎದುರುಮನೆಯಲ್ಲಿ ನವ್ಯಾ ಇದ್ದಾಳೆ, ಕೂಸಿದ್ದವಳು ಹಗಲೆಲ್ಲ ಕಿಟಕಿಯಲ್ಲೇ ಇರುತ್ತಾಳೆ. ಇಡೀ ದಿನ ಅವನು ಎಲ್ಲಿ ಹೋಗುತ್ತಾನೆ, ಎಲ್ಲಿ ಕೂರುತ್ತಾನೆ ಎಂದು ಭಾನುಮತಿ ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಮನಸ್ಸು ಕರಗೀತೆಂಬ ಭಯ. ಹಿಮ ಬಿದ್ದ ಒಂದು ದಿನ ಮೈ ಕೆಂಡವಾಗಿ ಮಧ್ಯಾಹ್ನವೇ ಬಂದುಬಿಟ್ಟ. ನವ್ಯಾ ಹೊರಗೆ ಹಿಮ ಸರಿಸುತ್ತಿದ್ದಳು. ಒಳಗಿನಿಂದ ಫೋನು ಮಾಡಿ ಕಾರು ಮುಂದೆ ಹೋಗಲಿ ಎಂದಳು ಭಾನುಮತಿ. ಹೋದ. ಕತ್ತಲಾದ ಮೇಲೆ ಬಂದು ಕೋಟು ಬಿಚ್ಚದೆ ಮಲಗಿದ.

ಮಾರ್ಚಿನಲ್ಲಿ ಬೆಲ್‌ರೋಸಿಗೆ ಹೋಗಿ ಜಾತಕ ಕೊಟ್ಟು ಬರುವಾಗ ಹಿಲ್‌ಸೈಡ್ ಅವೆನ್ಯೂದ ಇಂಡಿಯನ್ ಅಂಗಡಿಯೊಂದಕ್ಕೆ ಕರಿಬೇವಿಗೆಂದು ನುಗ್ಗಿದಳು. ಫ್ರೀಜರಿನ ಹತ್ತಿರ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬಂಗುಡೆ ಆರಿಸುತ್ತಿದ್ದವಳು ಸ್ವರ್ಣಲತಾ. ಪಕ್ಕದಲ್ಲಿ ಬುಟ್ಟಿ ಹಿಡಿದ ಕರುಣಾಕರ, ಗಡ್ಡ ಬಿಟ್ಟಿದ್ದ. ಭಾನುಮತಿ ಅಕ್ಕಿ ಚೀಲಗಳ ಹಿಂದೆ ಸರಿದು ನಿಂತಳು. ಸುಳ್ಳೇಕೆ, ಅವಳಿಗೆ ಸಂತೋಷವಾಯಿತು. ಹಬ್ಬದೂಟ ಉಂಡಷ್ಟು ಸಂತೋಷವಾಯಿತು. ಸಾಯಂಕಾಲ ಮನೆಗೆ ಬಂದವಳೇ ಫೋನು ಹಚ್ಚಿ ಅಲ್ಲಿ ಹವೆ ಹೇಗಿದೆ ಎಂದು ಕೇಳಿದಳು. ಈಗಷ್ಟೇ ಬೆಳಗಾಯಿತು, ಸೆಕೆಯೋ ಸೆಕೆ ಎಂದಳು ಸ್ವರ್ಣಲತಾ.

ಅಲ್ಲಿಂದ ಶುರುವಾಯಿತು. ಕ್ವೀನ್ಸಿನಲ್ಲಿ ಎಲ್ಲೋ ಬಾಡಿಗೆಗೆ ಬಚ್ಚಿಟ್ಟುಕೊಂಡಿದ್ದಾರೆ ನೋಡಿ ಎಂದು ನವ್ಯಾಳಿಗೆ ಹೇಳಿದಳು, ನವ್ಯಾ ಇನ್ನಿಬ್ಬರಿಗೆ ಹೇಳಿದಳು. ಆಮೇಲೆ ನಾಲ್ಕು ಜನ ಸೇರಿದಲ್ಲೆಲ್ಲ ಫಿಲಿಪೀನ್ಸಿಗೆ ಫೋನು ಮಾಡಿ ಎಂಬ ಬೇಡಿಕೆ. ಭಾನುಮತಿ ಸ್ಪೀಕರ್ ಹಾಕಿ ಮೇಜಿನ ಮೇಲಿಡುವಳು. ಇಲ್ಲಿ ಮಧ್ಯಾಹ್ನವಾದರೆ ಅಲ್ಲಿ ನಡುರಾತ್ರಿ ಎಂಬ ಲೆಕ್ಕ ನೋಡಿಯೇ ಕರೆ. ಆ ಬಡಪಾಯಿ ಹಾಡಹಗಲೇ ಆಕಳಿಸುವುದನ್ನು, ನಿದ್ದೆಗಣ್ಣಿನ ದನಿ ತೆಗೆಯುವುದನ್ನು ಕೇಳಿ ಇವರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುವರು. ನಗುವಿಗೊಂದು ಲಾಭವೂ ಇತ್ತು. ಊರೆಲ್ಲ ಕರುಣಾಕರನ ಸುಳ್ಳನ್ನು ನೋಡುತ್ತಿರುವಾಗ ಅಶ್ವತ್ಥನಾರಾಯಣನ ಟೈಯನ್ನು ನೋಡುವವರು ಯಾರು? ಭಾನುಮತಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ನಗು ಆರಲು ಬಿಡುತ್ತಿರಲಿಲ್ಲ.

ವರಮಹಾಲಕ್ಷ್ಮಿ ಶುಕ್ರವಾರ ಬಂತು. ಋಷಿಯ ತಾಯಿ ಬೆಲ್‌ರೋಸಿನಿಂದ ತಾನೇ ಡ್ರೈವ್ ಮಾಡಿಕೊಂಡು ಬರುವವಳಿದ್ದಳು. ಊಟವಾದ ಮೇಲೆ ನಿಶ್ಚಿತಾರ್ಥದ ದಿನ ಗೊತ್ತು ಮಾಡುವುದೆಂದು ಮಾತಾಗಿತ್ತು. ಭಾನುಮತಿ ಬೆಳಿಗ್ಗೆಯೇ ಗಂಡನನ್ನು ಅಟ್ಟಿದಳು. ಪೂಜೆಯ ಹೊತ್ತಿಗೂ ಬೇಡವಾ ಎಂದು ಅವನು ಬಾಗಿಲಲ್ಲಿ ಕೇಳಿದ. ಆಫೀಸಿದ್ದವರು ಹಗಲು ಪೂಜೆಗೆ ಕೂರುತ್ತಾರೇನು ಎಂದು ಬಾಗಿಲು ಹಾಕಿಕೊಂಡಳು.

ಪೂಜೆ ಸಾಂಗವಾಗಿ ಆಯಿತು. ಋಷಿಯ ತಾಯಿ ಕಲಶದ ಅಲಂಕಾರವನ್ನು ಮೆಚ್ಚಿಕೊಂಡಳು, ಹಂಸಿನಿ ಮಾಡಿದ ಕೋಸಂಬರಿಯನ್ನೂ ರುಚಿ ನೋಡದೆಯೇ ಹೊಗಳಿದಳು. ಎಲೆ ಹಾಕುವ ಮುಂಚೆ ಸ್ವಲ್ಪ ಹೊತ್ತಿತ್ತು. ಆಂಟಿ, ಫಿಲಿಪೀನ್ಸ್ ಎಂದು ನವ್ಯಾ ಕಣ್ಣು ಮಿಟುಕಿಸಿದಳು. ಋಷಿಯ ತಾಯಿ ಏನದು ಎಂದು ಕೇಳಿದಳು. ಎಲ್ಲರೂ ಒಟ್ಟಿಗೇ ಕಥೆ ಹೇಳಿದರು. ಅವಳಿಗೂ ನಗು ಬಂತು, ನಮಗೂ ಕೇಳಿಸಿ ಎಂದಳು. ಬೀಗತಿಯಾಗುವವಳ ಆಸೆಗೆ ಇಲ್ಲವೆನ್ನುವುದುಂಟೆ? ಭಾನುಮತಿ ನಂಬರು ಒತ್ತಿದಳು.

"ಸ್ವರ್ಣಾ, ಮಲಗಿಬಿಟ್ಟಿದ್ಯೇನೇ?"

"ಈಗಷ್ಟೇ ದಿಂಬಿಗೆ ತಲೆ ಕೊಟ್ಟದ್ದು ಮಾರಾಯ್ತಿ. ಇಲ್ಲಿ ನಡುರಾತ್ರಿ ಅಲ್ವಾ."

"ಕಡಲಿನ ಸದ್ದು ಕೇಳಿಸ್ತಾ ಇದೆಯಾ?"

"ಕೇಳದೆ ಉಂಟಾ? ಇವತ್ತು ಬೆಳದಿಂಗಳು ಬೇರೆ."

ಅಷ್ಟರಲ್ಲಿ ಫೋನಿನ ಆ ತುದಿಯಲ್ಲಿ ಟ್ರಕ್ಕೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ನವ್ಯಾಳಿಗೆ ತಡೆಯಲಾಗಲಿಲ್ಲ, ಕಿಸಕ್ಕೆಂದು ನಕ್ಕಳು. ಅವಳ ಹಿಂದೆ ಮಿಕ್ಕವರೂ ನಕ್ಕರು, ಋಷಿಯ ತಾಯಿಯೂ ನಕ್ಕಳು.

ಸ್ವರ್ಣಲತಾಳ ದನಿಯಲ್ಲಿದ್ದ ನಿದ್ದೆ ಹಾರಿಹೋಗಿತ್ತು. ಯಾರೆಲ್ಲ ಇದ್ದಾರೆ ಎಂದು ಕೇಳಿದಳು. ಟಿವಿ ಎಂದಳು ಭಾನುಮತಿ.

"ಟಿವಿ ಅಲ್ಲ. ಸ್ಪೀಕರ್ ಹಾಕಿದ್ದಿ. ಎಷ್ಟು ದಿನದಿಂದ ಹಾಕ್ತಾ ಇದ್ದಿ ಭಾನು?"

ಭಾನುಮತಿ ಫೋನಿಗೆ ಕೈ ಚಾಚಿದಳು. ಈಗ ಕಟ್ ಮಾಡಿದರೆ ತಪ್ಪು ತನ್ನದಾಗುತ್ತದೆಂದು ಕೈ ಅಲ್ಲೇ ನಿಂತಿತು. ಒಂದು ಗಳಿಗೆಯ ಆ ಲೆಕ್ಕಾಚಾರವೇ ಅವಳನ್ನು ಕೊಂದಿತು.

"ಎಲ್ಲರಿಗೂ ಹಬ್ಬದ ನಮಸ್ಕಾರ," ಎಂದಳು ಸ್ವರ್ಣಲತಾ. "ನಾವು ಎಲ್ಲಿಗೂ ಹೋಗ್ಲಿಲ್ಲ, ಕ್ರ್ಯಾನ್‌ಬರಿಯಲ್ಲಿ ನಮ್ಮ ಮೋಟೆಲಿನ ಹಿಂದೆಯೇ ಇದ್ದೇವೆ. ಅದು ನಿಮಗೆ ಗೊತ್ತುಂಟು ಅಂತ ಕಾಣ್ತದೆ. ಗೊತ್ತಿಲ್ಲದ್ದು ಒಂದು ಉಂಟು. ಭಾನು, ನಿಮ್ಮವರು ಇಲ್ಲೇ ಆಚೆ ರೂಮಲ್ಲಿ ಊಟಕ್ಕೆ ಕೂತಿದ್ದಾರೆ. ಕೆಲಸ ಹೋದ ಮೇಲೆ ದಿನಾ ಇಲ್ಲಿಗೇ ಬರುವುದು. ಹಿಮದಲ್ಲಿ, ಜ್ವರದಲ್ಲಿ ನಮ್ಮ ಪಾರ್ಕಿಂಗ್ ಲಾಟಲ್ಲಿ ಕಾರಿನೊಳಗೆ ಕೂತಿದ್ರು, ಇವರು ನೋಡಿ ಒಳಗೆ ಕರಕೊಂಡು ಬಂದ್ರು. ಯಾರಿಗೂ ಹೇಳಬೇಡಿ ಅಂತ ಕೈ ಮುಗಿದಿದ್ರು. ಇಷ್ಟು ದಿನ ನಾನು ಹೇಳಿರಲಿಲ್ಲ. ತಡಿ, ಕೊಡ್ತೇನೆ."

ಸುಳ್ಳು ಎನ್ನಲು ಭಾನುಮತಿ ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಸ್ವರ್ಣಲತಾ, ಭಾನು ಫೋನು ಮಾಡಿದ್ದಾಳೆ, ನಿಮ್ಮ ಹತ್ತಿರ ಮಾತಾಡಬೇಕಂತೆ ಎಂದಷ್ಟೇ ಹೇಳಿದ್ದು ಕೇಳಿಸಿತು. ಸ್ಪೀಕರಿನ ಸುದ್ದಿ ಎತ್ತಲಿಲ್ಲ. ಆ ಪುಣ್ಯಾತ್ಮನಿಗೆ ಆಶ್ರಯ ಕೊಟ್ಟ ಕೈಯೇ ಅವನನ್ನು ಹೀಗೆ ಬೀದಿಗೆ ನಿಲ್ಲಿಸಿತು.

"ಭಾನು," ಎಂದ ಅಶ್ವತ್ಥನಾರಾಯಣ. ಬಾಯಲ್ಲಿದ್ದ ತುತ್ತು ನುಂಗುವುದೂ ಕೇಳಿಸಿತು. "ನಾನಿಲ್ಲಿರೋದು ಹೇಗೆ ಗೊತ್ತಾಯ್ತೋ, ಕೋಪ ಮಾಡ್ಕೋಬೇಡ. ನೀನು ಕೊಟ್ಟ ಡಬ್ಬೀನೇ ತಿಂತಾ ಇದೀನಿ. ನಾನೇ ಮಾಡೋಣ ಅಂತಿದ್ದೆ ಫೋನು. ಹಬ್ಬ ಅಲ್ವಾ, ಇವತ್ತೊಂದು ದಿನ ಆರಕ್ಕೆ ಮುಂಚೆ ಬರಬಹುದಾ? ನವ್ಯಾ ನೋಡ್ತಾಳೆ ಅಂದ್ರೆ ಕಾರು ಆಚೆ ರಸ್ತೇಲಿ ನಿಲ್ಲಿಸಿ, ಹಿಂದಿನ ಬಾಗಿಲಿಂದ ಬರ್ತೀನಿ. ಯಾರಿಗೂ ಗೊತ್ತಾಗಲ್ಲ."

ನವ್ಯಾ ನೆಲ ನೋಡಿದಳು. ಹಂಸಿನಿ ಅಡುಗೆಮನೆಯ ಬಾಗಿಲಲ್ಲಿ ಎಲೆಯ ಕಟ್ಟು ಹಿಡಿದು ನಿಂತಿದ್ದವಳು ಹಾಗೇ ಒಳಗೆ ಹೋದಳು. ಅಪ್ಪನ ಕೆಲಸ ಹೋದದ್ದನ್ನು ಅಮ್ಮ ಅವಳಿಗೂ ಹೇಳಿರಲಿಲ್ಲ.

ಋಷಿಯ ತಾಯಿ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಟ್ರಾಫಿಕ್ ಶುರುವಾಗುವ ಮುಂಚೆ ಸೇತುವೆ ದಾಟಬೇಕು ಎಂದಳು. ಮಧ್ಯಾಹ್ನದ ಹನ್ನೆರಡಕ್ಕೆ ಎಂಥ ಟ್ರಾಫಿಕ್ಕು ಎಂದು ಯಾರೂ ಕೇಳಲಿಲ್ಲ. "ಕುಂಕುಮ ಕೊಟ್ಟುಬಿಡಿ," ಎಂದಳು. ಊಟ ಮಾಡಿಕೊಂಡು ಹೋಗಿ ಎನ್ನುವ ಧೈರ್ಯ ಭಾನುಮತಿಗೆ ಬರಲಿಲ್ಲ. ತಟ್ಟೆ ತಂದು ಅರಿಸಿನ ಕುಂಕುಮ ಕೊಟ್ಟಳು, ತಾಂಬೂಲ ಕೊಟ್ಟಳು. ಅವಳ ಹಿಂದೆ ಇನ್ನೊಬ್ಬಳು ಬಂದು ಹಣೆ ಒಡ್ಡಿದಳು, ಆಮೇಲೆ ಮತ್ತೊಬ್ಬಳು. ಕೊನೆಗೆ ನವ್ಯಾ. ಒಬ್ಬರೂ ಒಂದಗುಳು ಮುಟ್ಟದೆ ಹೊರಟರು. ಸಂಜೆಯೊಳಗೆ ಇಡೀ ನ್ಯೂಜೆರ್ಸಿಗೆ ಹಬ್ಬವೆಂದು ಭಾನುಮತಿಗೆ ಗೊತ್ತಿತ್ತು. ಹೇಗೆ ನಗುತ್ತಾರೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಫೋನು ಮೇಜಿನ ಮೇಲೆ ಇನ್ನೂ ಉಸಿರಾಡುತ್ತಿತ್ತು. ಕುಂಕುಮ ಕೇಳಿದ ದನಿಗಳು, ಬಳೆಯ ಸದ್ದು, ಒಂದೊಂದಾಗಿ ಹೊರಟ ಕಾರುಗಳು, ಎಲ್ಲವನ್ನೂ ಅಶ್ವತ್ಥನಾರಾಯಣ ಅಲ್ಲಿಂದಲೇ ಕೇಳಿಸಿಕೊಂಡಿದ್ದ. ಏನಾಯಿತೆಂದು ಅವನಿಗೂ ಅರ್ಥವಾಗಿತ್ತು.

"ಎಲ್ಲಾರೂ ಹೋದ್ರಲ್ಲ ಭಾನು," ಎಂದ. "ಇನ್ನು ಬಚ್ಚಿಡೋದಕ್ಕೆ ಏನೂ ಇಲ್ಲ. ಈಗ ಬರಲಾ?"

ಭಾನುಮತಿ ಕಿಟಕಿಯಿಂದ ಖಾಲಿ ರಸ್ತೆಯನ್ನು ನೋಡಿದಳು. ಎದುರುಮನೆಯಲ್ಲಿ ನವ್ಯಾ ಆಗಲೇ ಪರದೆ ಸರಿಸಿ ನಿಂತಿದ್ದಳು.

"ಆರಾಗಲಿ," ಎಂದು ಫೋನು ಕಟ್ ಮಾಡಿದಳು.