ಅಪಾಯವಿಲ್ಲ ಎಂದಮೇಲೆ

ಮೂತ್ರಪಿಂಡಗಳ ಬಗ್ಗೆ ಅವಳು ಈವರೆಗೆ ಯೋಚಿಸಿಯೇ ಇರಲಿಲ್ಲ. ನಲವತ್ತು ದಾಟುವವರೆಗೂ ಅವು ಸೊಲ್ಲೆತ್ತದೆ ಕೆಲಸ ಮಾಡಿಕೊಂಡು ಬಂದಿದ್ದವು. ಈಗ ವೈದ್ಯೆ ಒಂದು ಖಾಲಿ ಕಾಗದದ ಮೇಲೆ ಅವುಗಳ ಚಿತ್ರ ಬರೆದು, ಪೆನ್ನಿನ ತುದಿಯಿಂದ ಒಂದನ್ನು ತಟ್ಟಿದಾಗ, ಅವಳ ಸೊಂಟದ ಹಿಂದೆ ಯಾರೋ ಹೆಸರು ಹಿಡಿದು ಕರೆದಂತಾಯಿತು.

"ಮಾತ್ರೆ ಇವುಗಳ ಮೂಲಕವೇ ಹೊರಗೆ ಹೋಗೋದು. ಹೆಚ್ಚಿನವರಿಗೆ ಏನೂ ಆಗಲ್ಲ. ಕೆಲವರಲ್ಲಿ ಇವು ಸ್ವಲ್ಪ ಸುಸ್ತಾಗ್ತವೆ. ಅದಕ್ಕೇ ಮೊದಲು ಒಂದ್ಸಲ ನೋಡ್ಕೋತೀವಿ, ಆಮೇಲೂ ಆಗಾಗ ನೋಡ್ತಿರ್ತೀವಿ."

"ಸುಸ್ತಾದ್ರೆ?"

"ಮಾತ್ರೆ ನಿಲ್ಲಿಸಿದ್ರೆ ಸಾಮಾನ್ಯವಾಗಿ ಸರಿಹೋಗ್ತವೆ."

"ಮೂಳೆ?"

ವೈದ್ಯೆ ತಲೆಯೆತ್ತಿದರು. "ಓದ್ಕೊಂಡು ಬಂದಿದೀರಿ."

ಓದಿಕೊಂಡು ಬಂದಿದ್ದಳು. ಎಚ್‌ಐವಿ ತಗುಲದಂತೆ ಮೊದಲೇ ತೆಗೆದುಕೊಳ್ಳುವ ಮಾತ್ರೆಯ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ, ಇಂಜಿನಿಯರಿಂಗ್ ಪರೀಕ್ಷೆಗೂ ಇಲ್ಲದ ಶ್ರದ್ಧೆಯಿಂದ ಓದಿದ್ದಳು. ಓದುತ್ತ ಓದುತ್ತ ಭಯ ಹಿಂದೆ ಸರಿದು ಕುತೂಹಲ ಮುಂದೆ ಬಂದು ಕೂತಿತ್ತು. ಮೈಯೊಳಗೆ ಇಷ್ಟೆಲ್ಲ ಬಾಗಿಲುಗಳಿವೆ, ಬಾಗಿಲಿಗೆಲ್ಲ ಕಾವಲಿದೆ, ಈ ವೈರಸ್ ಎಂಬ ಕಳ್ಳ ಮಾತ್ರ ಕಾವಲುಗಾರರ ಮನೆಯಲ್ಲೇ ಸಂಸಾರ ಹೂಡುತ್ತಾನೆ. ಇದೆಲ್ಲ ಅವಳಿಗೆ ಪರವೂರಿನ ಸುದ್ದಿಯಂತೆ ಸ್ವಾರಸ್ಯವಾಗಿತ್ತು.

"ಮೂಳೆ ಒಂಚೂರು ತೆಳುವಾಗಬಹುದು. ಬಿಟ್ಟಮೇಲೆ ತುಂಬ್ಕೊಳ್ಳತ್ತೆ. ಮೊದಲ ಕೆಲವು ವಾರ ಹೊಟ್ಟೆ ತೊಳಸಬಹುದು, ತಲೆನೋವು ಬರಬಹುದು. ಶುರು ಮಾಡೋಕೆ ಮುಂಚೆ ನಿಮಗೆ ಎಚ್‌ಐವಿ ಇಲ್ಲ ಅಂತ ಖಾತ್ರಿಯಾಗ್ಬೇಕು. ಇದ್ದೂ ಗೊತ್ತಿಲ್ಲದೆ ತಗೊಂಡ್ರೆ ವೈರಸ್ ಇದೇ ಔಷಧಿಗೆ ಪಳಗಿಬಿಡತ್ತೆ, ಆಮೇಲೆ ಜಗ್ಗಲ್ಲ. ಹಾಗಾಗಿ ಶುರು ಮಾಡಿದ ಮೇಲೂ ಮೂರು ಮೂರು ತಿಂಗಳಿಗೆ ರಕ್ತ ಪರೀಕ್ಷೆ ಮಾಡ್ತಾನೇ ಇರ್ಬೇಕು."

"ಮತ್ತೆ ಪ್ರಯೋಜನ?"

"ದಿನಾ ತಪ್ಪದೆ ತಗೊಂಡ್ರೆ ಬಹಳ ಚೆನ್ನಾಗಿ ಕಾಯತ್ತೆ. ಮರೀತಾ ಹೋದ್ರೆ ಕಾವಲು ಸಡಿಲ, ಅದರಲ್ಲೂ ಹೆಂಗಸರಿಗೆ. ಇನ್ನು, ಬೇರೆ ಲೈಂಗಿಕ ಕಾಯಿಲೆಗಳನ್ನ ಇದು ತಡೆಯಲ್ಲ." ವೈದ್ಯೆ ಕುರ್ಚಿಗೆ ಒರಗಿದರು. "ಈಗ ಹೇಳಿ, ನಿಮಗೆ ಯಾಕೆ ಬೇಕು?"

"ನನಗೊಬ್ಬರು ಪರಿಚಯದವರಿದ್ದಾರೆ."

ಪರಿಚಯದವರು! ಅವಳಿಗೇ ನಗು ಬಂತು. ಅಂಚೆಯವನೂ ಪರಿಚಯದವನೇ.

"ಅವರಿಗೆ ಎಚ್‌ಐವಿ ಇದೆಯಾ?"

"ಇದೆ. ಬಹಳ ವರ್ಷದಿಂದ."

"ಔಷಧಿ?"

"ತಪ್ಪಿಸಲ್ಲ. ಪರೀಕ್ಷೆಯಲ್ಲಿ ವೈರಸ್ ಕಾಣೋದೇ ಇಲ್ಲವಂತೆ. ಅದೂ ವರ್ಷಗಳಾಯ್ತಂತೆ."

ವೈದ್ಯೆ ಪೆನ್ನಿಗೆ ಮುಚ್ಚಳ ಹಾಕಿದರು. "ಹಾಗಾದ್ರೆ ಅವರ ಜೊತೆ ಮಲಗಿದ್ರೆ ನಿಮಗೆ ಅದು ಬರಲ್ಲ."

"ಬರೋ ಸಂಭವ ಕಡಿಮೆ ಅಂತಾನಾ?"

"ಕಡಿಮೆ ಅಂತಲ್ಲ. ಬರಲ್ಲ. ಅವರು ಹೀಗೇ ಔಷಧಿ ತಗೋತಾ, ವೈರಸ್ ಹೀಗೇ ಅಡಗಿರೋ ತನಕ ಬರಲ್ಲ."

ಸಂತೋಷವಾಗಬೇಕಿತ್ತು. ಅವಳು ಒಂದು ಗಳಿಗೆ ಅದಕ್ಕಾಗಿ ಕಾದಳು. ಬಂದದ್ದು ನಿರಾಶೆ. ತೋಳಿನ ಮೇಲೆ ಬಂದು ಕೂತ ಹೆಸರು ಗೊತ್ತಿಲ್ಲದ ಹುಳುವನ್ನು ನೋಡುವಂತೆ ಅವಳು ಆ ನಿರಾಶೆಯನ್ನು ನೋಡಿದಳು. ಇದೇನು, ಇದು ಇಲ್ಲಿಗೇಕೆ ಬಂತು?

"ಧೈರ್ಯಕ್ಕೆ ಬೇಕು ಅಂದ್ರೆ ಬರ್ಕೊಡ್ತೀನಿ," ವೈದ್ಯೆ ಹೇಳುತ್ತಿದ್ದರು. "ಇನ್ನೊಬ್ಬರ ಮಾತ್ರೆ ನಂಬ್ಕೊಂಡು ಕೂರೋಕೆ ಕೆಲವರಿಗೆ ಆಗಲ್ಲ. ಅದೂ ನ್ಯಾಯವೇ. ಇವತ್ತು ರಕ್ತ ಕೊಟ್ಟು ಹೋಗಿ. ಯೋಚನೆ ಮಾಡಿ."

"ನೀವಾಗಿದ್ರೆ ಏನು ಮಾಡ್ತಿದ್ರಿ?"

"ಆ ಮನುಷ್ಯ ನನಗೆ ಇಷ್ಟಾನಾ ಅಂತ ಕೇಳ್ಕೋತಿದ್ದೆ." ವೈದ್ಯೆ ನಕ್ಕರು. ಅವಳೂ ನಕ್ಕಳು. ಕಾರಿಡಾರಿನ ಕೊನೆ ಮುಟ್ಟಿದ ಮೇಲೆ, ಮುಖ ಇನ್ನೂ ನಗುತ್ತಲೇ ಇದೆ ಎಂದು ಗೊತ್ತಾಗಿ ಅದನ್ನು ಸರಿಪಡಿಸಿಕೊಂಡಳು.

ರಕ್ತ ತೆಗೆಯುವಾಗ ಬೇರೆಯವರು ಮುಖ ತಿರುಗಿಸುತ್ತಾರೆ. ಅವಳು ನೋಡುತ್ತ ಕೂತಳು. ಅಂದುಕೊಂಡದ್ದಕ್ಕಿಂತ ಕಪ್ಪಾಗಿತ್ತು.

ಆ ಮನುಷ್ಯ ಅವಳಿಗೆ ಈಜು ಕಲಿಸುವವನು. ಬೆನ್ನುನೋವಿಗೆ ಈಜು ಒಳ್ಳೆಯದೆಂದು ಅಕ್ಕನೇ ಬಲವಂತ ಮಾಡಿ ಸೇರಿಸಿದ್ದಳು. ಅವನು ಯಾವಾಗಲೂ ಏನಾದರೊಂದು ತಮಾಷೆ ಮಾಡುವವನು, ಅರ್ಧದಷ್ಟು ತಮಾಷೆಗಳು ಹಳಸಲು. ಹಾಡು ಗುನುಗಿದರೆ ರಾಗ ಒಂದು ಕಡೆ, ಅವನು ಒಂದು ಕಡೆ. ಆದರೂ ಅವಳು ಕೈಕಾಲು ಬಡಿಯುವುದನ್ನು ಕಲಿತ ಮೇಲೂ ಕಲಿಯುವವರ ಸಾಲಿನಲ್ಲೇ ಉಳಿದುಕೊಂಡಿದ್ದಳು. ಮನಸ್ಸಿನಲ್ಲಿ ಅವನಿಗೆ ಏಕವಚನ ಬಂದು ತಿಂಗಳುಗಳಾಗಿದ್ದವು. ನಾಲಿಗೆ ಮಾತ್ರ ಇನ್ನೂ 'ಮೇಷ್ಟ್ರೇ' ಎನ್ನುತ್ತಿತ್ತು.

ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಅವನು ಹೇಳಿದ್ದ. "ಬಸ್ ಬರೋದ್ರೊಳಗೆ ಒಂದು ವಿಷಯ ಹೇಳ್ಬೇಕು. ಆಮೇಲೆ ನೀವು ಹತ್ತೋದೋ ಬಿಡೋದೋ ನೋಡ್ಕೊಳ್ಳಿ." ಆಗಲೂ ತಮಾಷೆ. ತನ್ನ ಇಷ್ಟವನ್ನೂ ಕಾಯಿಲೆಯನ್ನೂ ಹೇಳಿ ಮುಗಿಸಿದಾಗ ಮಾತ್ರ ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ನನ್ನಿಂದ ನಿಮಗೆ ಏನೂ ಅಂಟಲ್ಲ. ಅಷ್ಟಾಗಿಯೂ ಭಯ ಆದ್ರೆ ಅದಕ್ಕೂ ಒಂದು ಮಾತ್ರೆ ಇದೆ. ಡಾಕ್ಟರನ್ನ ಕೇಳಿ."

ಅವಳು "ಓ" ಎಂದಿದ್ದಳು. ಆಮೇಲೆ "ಬಸ್ ಬಂತು" ಎಂದಿದ್ದಳು. ಅದು ಅವಳ ಮನೆ ಕಡೆ ಹೋಗುವ ಬಸ್ಸೇ ಆಗಿರಲಿಲ್ಲ. ಹತ್ತಿ ಕೂತು, ಮುಂದಿನ ನಿಲ್ದಾಣದಲ್ಲಿ ಇಳಿದು, ಮನೆಯವರೆಗೂ ನಡೆದಿದ್ದಳು. ದಾರಿಯುದ್ದಕ್ಕೂ ತನಗೆ ಆಗುತ್ತಿರುವುದು ಭಯವೇ ಎಂದು ಪರೀಕ್ಷಿಸಿಕೊಂಡಿದ್ದಳು. ಭಯದಂತೆಯೇ ಇತ್ತು. ಆದರೆ ಅದರಲ್ಲಿ ಒಂದು ನಿರಾಳವೂ ಬೆರೆತಿತ್ತು. ಹಿಂದೆ ಸರಿಯಲು ಏನೋ ಒಂದು ಕಾರಣ ಸಿಕ್ಕಂತೆ.

ಮಧ್ಯಾಹ್ನ ಕೆಲಸವಿತ್ತು. ಹಳೆಯ ಕಟ್ಟಡಗಳಲ್ಲಿ ಜನ ವಾಸ ಮಾಡಬಹುದೋ ಬಾರದೋ ಎಂದು ನೋಡಿ ಹೇಳುವುದು ಅವಳ ಕೆಲಸ. ಇಂದಿನದು ಮೂರು ಅಂತಸ್ತಿನದು, ಕೆಳಗೆ ಕ್ಷೌರದಂಗಡಿ. ಗೋಡೆಯ ಬಿರುಕಿನೊಳಗೆ ಟಾರ್ಚ್ ಬಿಟ್ಟು ಇಣುಕಿದಳು. ಬಿರುಕು ಗಾರೆಯಲ್ಲಷ್ಟೇ ಇದ್ದಂತಿತ್ತು. ಇಟ್ಟಿಗೆಗೂ ಇಳಿದಿರಬಹುದು. ಇಳಿದಿರಲಾರದು.

ಕ್ಷೌರದವನು ಬಾಗಿಲಲ್ಲಿ ನಿಂತು ಕೇಳಿದ. "ಮೇಡಂ, ಬೀಳತ್ತಾ?"

"ಹೇಳೋಕಾಗಲ್ಲ."

"ಯಾವತ್ತಾದ್ರೂ ಒಂದಿನ ಎಲ್ಲಾನೂ ಬೀಳತ್ತೆ. ಸದ್ಯಕ್ಕೆ ಬೀಳತ್ತಾ ಅಂತ ಕೇಳಿದೆ."

"ಖಾಲಿ ಮಾಡಿದ್ರೆ ಒಳ್ಳೇದು."

ಜೊತೆಗಿದ್ದ ಸಹೋದ್ಯೋಗಿ ಮೆಟ್ಟಿಲಿಳಿಯುತ್ತ ಎಂದಿನ ಮಾತನ್ನೇ ಆಡಿದ. "ನೀವು ನೋಡಿದ ಕಟ್ಟಡ ಒಂದಾದ್ರೂ ಬಿದ್ದಿದೆಯಾ? ಇಲ್ಲ. ಯಾಕೆ ಹೇಳಿ? ಒಳಗೆ ಯಾರೂ ಇರಲ್ಲ, ಯಾರೂ ಇಲ್ಲದ ಮನೆ ಬಿದ್ರೆ ಯಾರಿಗೆ ಗೊತ್ತಾಗತ್ತೆ!" ಅವಳು ನಗಲಿಲ್ಲ. ತಾನು ಖಾಲಿ ಮಾಡಿಸಿದ ಮನೆಗಳಿಗೆಲ್ಲ ಆಮೇಲೆ ಏನಾಯಿತೆಂದು ಹೋಗಿ ನೋಡಿದವಳಲ್ಲ ಎಂದು ಮೊದಲ ಸಲ ಅನ್ನಿಸಿತು.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದಳು. ಅಕ್ಕ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಭಾವ ಒಳಗಿನ ಕೋಣೆಯಲ್ಲಿ ಟಿವಿ ಹಾಕಿಕೊಂಡು ನಿದ್ದೆ ಮಾಡುತ್ತಿದ್ದ.

"ಏನೇ, ಈ ಹೊತ್ತಲ್ಲಿ? ಮುಖ ಯಾಕೆ ಹಾಗಿದೆ?"

"ಹೇಗಿದೆ?"

"ಪರೀಕ್ಷೇಲಿ ಪಾಸಾಗಿ ಅಳೋ ಹುಡುಗಿ ಥರ."

ಅವಳು ಹೇಳಿಬಿಟ್ಟಳು. ಹೇಳಬೇಕೆಂದೇ ಬಂದಿದ್ದಳು. ಅಕ್ಕ 'ಬೇಡ' ಎನ್ನುತ್ತಾಳೆ, ಕೂಗಾಡುತ್ತಾಳೆ, ಸತ್ತರೂ ಒಪ್ಪುವುದಿಲ್ಲ ಎನ್ನುತ್ತಾಳೆ. ಆಮೇಲೆ ತಾನು ತೀರ್ಮಾನಿಸಬೇಕಾದ್ದೇನೂ ಇರುವುದಿಲ್ಲ. ಹೀಗೊಂದು ಲೆಕ್ಕ ತನ್ನೊಳಗಿತ್ತೆಂಬುದು ಮಾತು ಮುಗಿಯುವ ಹೊತ್ತಿಗೆ ಅವಳಿಗೇ ಕಾಣಿಸಿತು.

ಅಕ್ಕನ ಕೈ ನಿಂತಿತು. ಮೊದಲು ಅವಳು ತಂಗಿಯ ಮುಂದಿದ್ದ ಟೀ ಲೋಟವನ್ನು ನೋಡಿದಳು. ಆಮೇಲೆ ಹಾಗೆ ನೋಡಿದ್ದಕ್ಕೆ ನಾಚಿದಳು.

"ಬೇಡ ಕಣೇ."

"ಯಾಕೆ?"

"ಯಾಕೆ ಅಂದ್ರೆ? ಗೊತ್ತಿದ್ದೂ ಗೊತ್ತಿದ್ದೂ ಬೆಂಕಿಗೆ ಕೈ ಹಾಕ್ತಾರಾ?"

ಇಲ್ಲಿಗೆ ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಆದರೆ ತಪ್ಪು ಮಾತು ಕಿವಿಗೆ ಬಿದ್ದರೆ ತಿದ್ದದೆ ಇರುವುದು ಅವಳಿಂದ ಆಗುತ್ತಿರಲಿಲ್ಲ. "ಬೆಂಕಿ ಅಲ್ಲ ಅಕ್ಕಾ," ಎಂದು ಶುರು ಮಾಡಿದಳು. ವೈರಸ್ ಎಲ್ಲಿ ಅಡಗುತ್ತದೆ, ಅವನ ಔಷಧಿ ಅದನ್ನು ಹೇಗೆ ಕಟ್ಟಿಹಾಕಿದೆ, ಲೋಟದಿಂದ ಬರುವುದಿಲ್ಲ, ಹಾಸಿಗೆಯಿಂದಲೂ ಬರುವುದಿಲ್ಲ, ಇಷ್ಟಾಗಿಯೂ ಬೇಕೆಂದರೆ ತನಗೊಂದು ಮಾತ್ರೆ ಇದೆ, ಅದರಿಂದ ಮೂತ್ರಪಿಂಡಕ್ಕೆ ಇಷ್ಟು, ಮೂಳೆಗೆ ಇಷ್ಟು, ಅದೂ ಬಿಟ್ಟಮೇಲೆ ಸರಿಹೋಗುವಂಥದ್ದು. ಬಟಾಣಿ ಸಿಪ್ಪೆಯಿಂದ ಮೂತ್ರಪಿಂಡ ಮಾಡಿ ತೋರಿಸಿದಳು. ಅಕ್ಕ ಅಡ್ಡ ಪ್ರಶ್ನೆ ಕೇಳಿದಳು, ಪ್ರತಿಯೊಂದಕ್ಕೂ ಅವಳ ಹತ್ತಿರ ಉತ್ತರವಿತ್ತು. ಅವಳ ದನಿ ಏರಿತ್ತು, ಕೆನ್ನೆ ಬಿಸಿಯಾಗಿತ್ತು. ಇಷ್ಟು ಹುರುಪಿನಿಂದ ತಾನು ಯಾರ ಪರವಾಗಿಯೂ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.

ಅಕ್ಕ ಸಿಪ್ಪೆಯ ಮೂತ್ರಪಿಂಡವನ್ನು ಗುಡಿಸಿ ಬುಟ್ಟಿಗೆ ಹಾಕಿ ಹೇಳಿದಳು.

"ಸರಿ ಹಾಗಾದ್ರೆ. ಮೇಷ್ಟ್ರು ಒಳ್ಳೆಯವರೇ. ಬಚ್ಚಿಡದೆ ಹೇಳಿದಾರೆ, ಯಾವ ಗಂಡಸು ಹೇಳ್ತಾನೆ? ಮತ್ತಿನ್ನೇನೇ ನಿನ್ನ ಕಷ್ಟ?"

ಅವಳು ಒಂದು ಬಟಾಣಿಕಾಯಿ ಎತ್ತಿಕೊಂಡು ಸುಲಿಯತೊಡಗಿದಳು.

"ಅವರು ನಿನಗೆ ಹಿಡಿಸಲ್ವಾ?"

"ಹಾಗಲ್ಲ."

"ಮತ್ತೆ ಹೇಗೆ?"

"ರಿಪೋರ್ಟ್ ಬರ್ಬೇಕು ಅಕ್ಕಾ."

"ನಿನ್ನ ರಿಪೋರ್ಟು ಬರತ್ತೆ ಬಿಡು," ಎಂದಳು ಅಕ್ಕ. "ನೀನು ಹಾಗೇ. ಆ ಗಂಡನ ಜೊತೆ ಒಂಬತ್ತು ವರ್ಷ ಸಂಸಾರ ಮಾಡ್ದೆ, ಒಂದಿನ ಜಗಳ ಆಡಿದ್ದು ಕೇಳಲಿಲ್ಲ. ಬಿಟ್ಟು ಬಂದಾಗ ಅತ್ತಿದ್ದೂ ನೋಡಲಿಲ್ಲ."

ನಿಜ. ಆ ಮದುವೆಯನ್ನು ಅವಳು ಬಾಡಿಗೆ ಮನೆ ಬಿಡುವಂತೆ ಬಿಟ್ಟು ಬಂದಿದ್ದಳು. ಅಲ್ಲಿ ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ.

ಹೊರಡುವಾಗ ಅಕ್ಕ ಬಾಗಿಲವರೆಗೂ ಬಂದಳು. "ಏನಾದ್ರೂ ಒಂದು ಹೇಳು ಅವರಿಗೆ. ಪಾಪ, ಕಾಯ್ತಿರ್ತಾರೆ."

ಈಜುಕೊಳದ ಗೇಟಿಗೆ 'ಇಂದು ರಜೆ' ಎಂದು ಹಲಗೆ ತೂಗುಹಾಕಿದ್ದರು. ಬೀಗವಿರಲಿಲ್ಲ. ಒಳಗಿನಿಂದ ಅವನ ರಾಗತಪ್ಪಿದ ಹಾಡು ಕೇಳುತ್ತಿತ್ತು, ಆದರೆ ಬಾವಿಯಿಂದ ಬರುವಂತೆ. ಸಂಜೆ ಬಿಸಿಲಿನಲ್ಲಿ ಅವಳು ಕೊಳದ ಅಂಚಿಗೆ ಬಂದು ನಿಂತಳು.

ನೀರಿರಲಿಲ್ಲ. ನೀಲಿ ಟೈಲ್ಸಿನ ದೊಡ್ಡ ಗುಂಡಿ. ಆಳದ ತುದಿಯಲ್ಲಿ, ನೆಲದ ಮೇಲೆ, ಪ್ಯಾಂಟು ಮಡಿಸಿಕೊಂಡು ಅವನು ಉದ್ದ ಹಿಡಿಕೆಯ ಬ್ರಷ್ಷಿನಿಂದ ಪಾಚಿ ಉಜ್ಜುತ್ತಿದ್ದ. ಇಲ್ಲಿಂದ ನೋಡಿದರೆ ಅಷ್ಟೊಂದು ಚಿಕ್ಕವನು.

"ಓಹೋ, ಮೇಡಂ! ಟವೆಲ್ ತಂದಿಲ್ಲ ತಾನೆ?" ದನಿ ನಾಲ್ಕೂ ಗೋಡೆಗೆ ಬಡಿದು ಮೇಲೆ ಬಂತು. ಆಮೇಲೆ ಮೆಲ್ಲಗೆ ಕೇಳಿದ. "ಡಾಕ್ಟರ್ ಹತ್ರ ಹೋಗಿದ್ರಾ?"

"ಹೋಗಿದ್ದೆ."

"ಏನಂದ್ರು?"

"ಏನೂ ಅಪಾಯ ಇಲ್ಲ ಅಂದ್ರು."

ಅವನು ಬ್ರಷ್ಷನ್ನು ಗೋಡೆಗೆ ಒರಗಿಸಿದ. "ಮತ್ತೆ?"

"ಮಾತ್ರೆನೂ ಬೇಕಾಗಲ್ಲ ಅಂದ್ರು. ಬೇಕಿದ್ರೆ ಕೊಡ್ತಾರಂತೆ."

"ನಿಮಗೆ ಬೇಕಾ?"

ಅವನು ಕೇಳಿದ್ದು ಮಾತ್ರೆಯ ಬಗ್ಗೆಯೇ ಇರಬಹುದು. ಅವಳು ಉತ್ತರ ಕೊಡುವ ಬದಲು ಚಪ್ಪಲಿ ಬಿಟ್ಟಳು. ಅದು ಹೇಗೋ ಉತ್ತರದಂತೆ ಕಂಡಿತು. ಅವನ ಮುಖ ಅರಳಿತು.

"ಬನ್ನಿ, ಇಳೀರಿ. ಇವತ್ತು ಮುಳುಗೋ ಭಯವೇ ಇಲ್ಲ."

ಎದುರಿಗೇ ಕಬ್ಬಿಣದ ಏಣಿಯಿತ್ತು. ದಿನವೂ ಇಳಿಯುತ್ತಿದ್ದ ಏಣಿ. ಅವಳು ಗೋಡೆಯ ಕಡೆ ಮುಖ ಮಾಡಿ, ಎರಡೂ ಕಂಬಿ ಹಿಡಿದು ಇಳಿದಳು. ಒಂದು ಮೆಟ್ಟಿಲು, ಇನ್ನೊಂದು. ಟೈಲ್ಸಿನ ಮೇಲೆ ನೀರು ನಿಲ್ಲುತ್ತಿದ್ದ ಗೆರೆ ಕಂಡಿತು, ಅದು ಕಣ್ಣಿನ ಮಟ್ಟಕ್ಕೆ ಬಂತು, ತಲೆಯ ಮೇಲೆ ಹೋಯಿತು. ಕ್ಲೋರಿನ್ನಿನ ವಾಸನೆ. ಮುಂದಿನ ಮೆಟ್ಟಿಲಿಗೆ ಕಾಲು ಬಿಟ್ಟಳು. ಮೆಟ್ಟಿಲಿರಲಿಲ್ಲ.

ಏಣಿ ಅಲ್ಲಿಗೇ ಮುಗಿದಿತ್ತು. ಕೆಳಗೆ ನೆಲ ಇನ್ನೂ ಒಂದಾಳು ಆಳದಲ್ಲಿತ್ತು. ಇಷ್ಟು ದಿನ ಇಲ್ಲಿಂದ ಮುಂದೆ ಅವಳನ್ನು ನೀರು ಕರೆದುಕೊಂಡು ಹೋಗುತ್ತಿತ್ತು.

"ಅಷ್ಟೇ ಇರೋದು ಅದು," ಅವನು ಕೆಳಗಿನಿಂದ ಹೇಳಿದ. ಏಣಿಯ ಬುಡಕ್ಕೆ ಬಂದು ಎರಡೂ ತೋಳು ಮೇಲೆತ್ತಿದ. "ಕೈ ಬಿಡಿ. ನಾನು ಹಿಡ್ಕೋತೀನಿ."

"ತಡೀರಿ."

"ತಡೆದಿದೀನಿ."

ಅವಳು ಕೆಳಗೆ ನೋಡಿದಳು. ಅವನ ಅಂಗೈಗಳು ಒದ್ದೆಯಾಗಿದ್ದವು, ಹಸಿರು ಪಾಚಿ ಅಂಟಿತ್ತು. ಬಿದ್ದರೂ ಏನೂ ಆಗುವುದಿಲ್ಲ. ಹೆಚ್ಚೆಂದರೆ ಕಾಲು ಉಳುಕಬಹುದು. ಇದನ್ನೆಲ್ಲ ಅವಳು ಸ್ಪಷ್ಟವಾಗಿ ಯೋಚಿಸಿದಳು. ಕಂಬಿಯ ಮೇಲೆ ಬೆರಳುಗಳು ಬಿಳಿಚಿಕೊಂಡಿದ್ದವು. ಅವು ಯಾರ ಮಾತು ಕೇಳುತ್ತಿವೆ ಎಂದು ಅವಳಿಗೆ ಕುತೂಹಲವಾಯಿತು.

ಅವನು ಕಾದ. ತೋಳುಗಳು ಸೋತು ಸ್ವಲ್ಪ ತಗ್ಗಿದವು, ಮತ್ತೆ ಎತ್ತಿದ. ಬಿಸಿಲು ಎದುರು ಗೋಡೆಯ ಅಂಚಿಗೆ ಏರಿತು. ಕೊನೆಗೆ ಅವನು ಏನೋ ತಮಾಷೆ ಮಾಡಲು ಹೋಗಿ, ಬಿಟ್ಟು, ಕೈ ಇಳಿಸಿದ.

ಅವಳ ಬಲಗಾಲು ಗಾಳಿಯಲ್ಲಿ, ಬಲು ಎಚ್ಚರದಿಂದ, ಇಲ್ಲದ ಮೆಟ್ಟಿಲನ್ನು ಇನ್ನೂ ತಡಕಾಡುತ್ತಿತ್ತು. ಕೆಳಗೆ ಬ್ರಷ್ಷು ಟೈಲ್ಸನ್ನು ಉಜ್ಜುವ ಸದ್ದು ಮತ್ತೆ ಶುರುವಾಯಿತು.