ಚಿನ್ನಳಿಗೆ ಇಟ್ಟ ಹೊಸ ಭತ್ತ

ಸೋಮವಾರಪೇಟೆ ಹತ್ತಿರ ಗುಡ್ಡದ ಮೇಲಿರುವ ಸಣ್ಣಸ್ವಾಮಿಯ ಮನೆಗೆ ಗಾಡಿ ಹೋಗುವ ದಾರಿಯಿಲ್ಲ. ಏಲಕ್ಕಿ ಸಂತೆಗೆ ಇಳಿಯಬೇಕಾದರೂ, ಉಪ್ಪು ಮನೆಗೆ ಏರಬೇಕಾದರೂ ಚಿನ್ನ ಎಂಬ ಹೆಣ್ಣು ಕುದುರೆಯ ಬೆನ್ನೇ ಗತಿ.

ಹುತ್ತರಿ ಹಬ್ಬ ಕಳೆದು ಭತ್ತದ ಒಕ್ಕಣೆ ಮುಗಿದ ದಿನ ಎತ್ತುಗಳಿಗೆ ಒಂದೊಂದು ಮೊರ ಹೊಸ ಭತ್ತ ಇಡುವುದು ಆ ಮನೆಯ ವಾಡಿಕೆ. ಗದ್ದೆಯಿಂದ ಹೊರೆ ಹೊತ್ತ ಚಿನ್ನಳನ್ನು ಬಿಟ್ಟು ಎತ್ತುಗಳಿಗಷ್ಟೇ ಇಡಲು ಸಣ್ಣಸ್ವಾಮಿಗೆ ಮನಸ್ಸು ಬರಲಿಲ್ಲ; ಅದಕ್ಕೂ ಭತ್ತ ತುಂಬತೊಡಗಿದ. ಅಲ್ಲೇ ಕೂತಿದ್ದ ದನದ ಆಸ್ಪತ್ರೆಯ ಕಾಂಪೌಂಡರ್ ಪುಟ್ಟರಾಜು ತಡೆದ.

"ಬ್ಯಾಡ ಕಣಣ್ಣ. ಅತಿಯಾದ್ರೆ ಎತ್ತಿಗೇ ಕಷ್ಟ. ಕುದುರೆ ಮೆಲುಕೂ ಹಾಕಲ್ಲ, ಹೊಟ್ಟೆನೂ ಚಿಕ್ಕದು. ಹುಲ್ಲೇ ಅದರ ಊಟ. ಕಾಳು ಏನಿದ್ರೂ ಸ್ವಲ್ಪಸ್ವಲ್ಪ, ದಿನಕ್ಕೆ ಮೂರು ಸಲ. ಹೊಸ ಮೇವಾದ್ರೆ ಹತ್ತು ದಿನ ಹಿಡಿದು ನಿಧಾನಕ್ಕೆ ರೂಢಿ ಮಾಡ್ಬೇಕು."

"ನಮ್ಮಪ್ಪನ ಕಾಲದಿಂದ ಇಡ್ತಾ ಬಂದಿದೀವಿ. ಏನಾಗಿದೆ?"

"ನಿಮ್ಮಪ್ಪನ ಕಾಲದಲ್ಲಿ ಕುದುರೆ ಎಲ್ಲಿತ್ತು?"

ಸಣ್ಣಸ್ವಾಮಿ ನಕ್ಕ. ಪುಟ್ಟರಾಜು ಗುಡ್ಡ ಇಳಿಯುವುದನ್ನೇ ಕಾದಿದ್ದು, ಅವನು ಚಿನ್ನಳ ಮುಂದೆ ಕುಕ್ಕೆ ತುಂಬ ಭತ್ತ ಇಟ್ಟ. ಚಿನ್ನ ಒಂದು ಕಾಳೂ ಬಿಡದೆ ತಿಂದಿತು.

ಮರುದಿನ ಬೆಳಗ್ಗೆ ಅದು ತಿರುಗಿ ತಿರುಗಿ ಹೊಟ್ಟೆಯನ್ನೇ ನೋಡುತ್ತಿತ್ತು, ನೆಲ ಕೆರೆಯುತ್ತಿತ್ತು. ಲದ್ದಿ ಬಿದ್ದಿರಲಿಲ್ಲ.

"ಪುಟ್ಟರಾಜಣ್ಣನ್ನ ಕರ್ಕೊಂಡು ಬನ್ನಿ" ಎಂದಳು ಹೆಂಡತಿ ಸಿದ್ದಮ್ಮ.

"ಮಧ್ಯಾಹ್ನದ ತಂಕ ನೋಡಾಣ" ಎಂದ ಸಣ್ಣಸ್ವಾಮಿ. ಬೇಡವೆಂದವನ ಮುಂದೆ ಹೋಗಿ ನಿಲ್ಲಲು ಅವನಿಗೆ ನಾಚಿಕೆ.

ಮಧ್ಯಾಹ್ನ ಚಿನ್ನ ನೆಲಕ್ಕೆ ಬಿದ್ದು ಹೊರಳಾಡಿತು. ಆಗ ಅವನು ಓಡಿದ. ಪುಟ್ಟರಾಜು ಬಂದು ಮದ್ದು ಹಾಕಿದ, ಕಿವಿ ಮುಟ್ಟಿ ನೋಡಿದ. ತಣ್ಣಗಿತ್ತು.

"ಕುದುರೆಗೆ ವಾಂತಿ ಬರಲ್ಲಣ್ಣ. ನುಂಗಿದ್ದು ಬಾಯಿಂದ ಹೊರಗೆ ಬರೋ ದಾರಿನೇ ಇಲ್ಲ."

"ಬೆಳಗ್ಗೆನೇ ಕರೆದಿದ್ರೆ?"

ಪುಟ್ಟರಾಜು ಬೇರೆ ಕಡೆ ನೋಡಿದ. "ಉಳೀತಿತ್ತೋ ಏನೋ."

ಹೊತ್ತು ಮುಳುಗುವ ಮೊದಲೇ ಚಿನ್ನ ಸತ್ತಿತು. ಸಿದ್ದಮ್ಮ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿ ಎನಿಸಿತು ಅವನಿಗೆ. ಮುಂದಿನ ಸಂತೆಗೆ ಗಂಡಹೆಂಡಿರಿಬ್ಬರೂ ಏಲಕ್ಕಿ ಮೂಟೆಯನ್ನು ತಲೆಯ ಮೇಲೆ ಹೊತ್ತು ಇಳಿದರು. ದಾರಿಯಲ್ಲಿ ಸಿಕ್ಕ ಪುಟ್ಟರಾಜುವಿಗೆ ಸಣ್ಣಸ್ವಾಮಿ ಹೇಳಿದ: "ನೀ ಹೇಳಿದ್ದೇ ಸರಿ. ಎಲ್ಲಾರ್ಗೂ ಹೇಳು. ನನ್ನ ಹೆಸ್ರು ಹಿಡಿದೇ ಹೇಳು."

ಅದಕ್ಕೇ ಹೇಳುತ್ತಿದ್ದೇವೆ. ಕುದುರೆ ಸಾಕಿದವರೇ, ಮೊದಲು ನೀರು ತೋರಿಸಿ, ಆಮೇಲೆ ಹುಲ್ಲು, ಕಾಳು ಕೊನೆಗೆ. ಭತ್ತ ಉದುರಿದ ಗದ್ದೆಗೆ ಬಿಡಬೇಡಿ. ಹುಲ್ಲುಗಾವಲನ್ನು ಪಾಲು ಮಾಡಿ, ಒಂದು ಪಾಲು ಮೇಯುವಾಗ ಇನ್ನೊಂದು ಚಿಗುರಲಿ. ಹೊಟ್ಟೆನೋವು ಕಂಡ ಕೂಡಲೇ ಮೇವು ತೆಗೆದು ದನದ ಆಸ್ಪತ್ರೆಗೆ ಓಡಿ. ಬೈದರೆ ಬೈಸಿಕೊಳ್ಳಿ. ಸಣ್ಣಸ್ವಾಮಿ ನಾಚಿಕೊಂಡು ಕಳೆದ ಆ ಅರ್ಧ ದಿನವನ್ನು ಅವನಿಗೆ ಯಾರೂ ತಂದುಕೊಡಲಾರರು.